ಗೆದ್ದೆತ್ತಿನ ಬಾಲ

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕರೂಢಿ. ಆಟದ ಅಭಿಮಾನವೆಂದರೆ ಇಷ್ಟೇ ಏನು? 1966ರ ವಿಶ್ವ ಕಾಲ್ಚೆಂಡು ಪಂದ್ಯಾವಳಿಯಲ್ಲಿ ಇದಕ್ಕೆ ಉತ್ತರವಿದೆಯೆಂದು ನನ್ನ ನಂಬಿಕೆ.

ಇಂಗ್ಲೆಂಡಿನ ಮಿಡಲ್ಸ್‌ಬರೋ ಆಗ ಕಬ್ಬಿಣ-ಉಕ್ಕಿನ ಕಾರ್ಮಿಕರ ಊರಾಗಿತ್ತು. ಅಲ್ಲಿ ಆಡಲು ಬಂದ ಉತ್ತರ ಕೊರಿಯಾ ತಂಡ ಮೊದಲು ಸೋವಿಯತ್ ಒಕ್ಕೂಟಕ್ಕೆ 3-0ರಿಂದ ಸೋತು, ಚಿಲಿಯೊಡನೆ 1-1ರಿಂದ ಸಮ ಮಾಡಿಕೊಂಡಿತು. ಆದರೂ ಊರಿನವರು ಆ ಪರದೇಶಿಗಳನ್ನು ತಮ್ಮವರೆಂದೇ ಹುರಿದುಂಬಿಸಿದರು. ಜುಲೈ 19ರಂದು ಪಾಕ್ ದೂ-ಇಕ್ ಹೊಡೆದ ಒಂದೇ ಗೋಲಿನಿಂದ, ಎರಡು ಬಾರಿ ವಿಶ್ವವಿಜೇತವಾಗಿದ್ದ ಇಟಲಿ ಮಣಿಯಿತು.

ತಾಯ್ನಾಡಿಗೆ ಮರಳಿದ ಇಟಲಿಯ ಆಟಗಾರರನ್ನು ಜಿನೋವಾ ವಿಮಾನನಿಲ್ದಾಣದಲ್ಲಿ ಅಭಿಮಾನಿಗಳು ಎದುರುಗೊಂಡದ್ದು ಟೊಮೆಟೊ ಎಸೆತದಿಂದ! ಬುಲ್ಗರೆಲ್ಲಿ ಗಾಯಗೊಂಡು ಹೊರಬಿದ್ದಿದ್ದರು. ಬದಲಿ ಆಟಗಾರನಿಗೆ ಅಂದಿನ ನಿಯಮದಲ್ಲಿ ಅವಕಾಶವಿರಲಿಲ್ಲ. ಹತ್ತೇ ಜನ ಆಡಿದ್ದರು. ಕೋಪಕ್ಕೆ ಇದೆಲ್ಲ ಎಲ್ಲಿ ಕಂಡೀತು?

ಇತ್ತ ಮಿಡಲ್ಸ್‌ಬರೋದ ಸಾವಿರಾರು ಜನ ಕೊರಿಯನ್ನರ ಬೆನ್ನಿಗೆ ನಿಲ್ಲಲು ಲಿವರ್‌ಪೂಲಿಗೆ ಹೋದರು. ಅಲ್ಲಿ ಮೂರು ಗೋಲು ಮುಂದಿದ್ದ ಕೊರಿಯಾ ಪೋರ್ಚುಗಲ್ಲಿಗೆ 5-3ರಿಂದ ಸೋತಿತು. ಆದರೆ ಸ್ನೇಹ ಮುರಿಯಲಿಲ್ಲ. ಆ ತಂಡದಲ್ಲಿ ಉಳಿದಿದ್ದ ಹಿರಿಯ ಆಟಗಾರರು 2002ರಲ್ಲಿ ಅದೇ ಊರಿಗೆ ಅತಿಥಿಗಳಾಗಿ ಬಂದರು.

ಮನೆತನದಲ್ಲಿ ಮೊದಲಿಗನಾಗಿ ಪದವಿ ಪರೀಕ್ಷೆಗೆ ಕೂರಲಿರುವ ನನ್ನಂಥವರಿಗೆ ಇದು ಬರಿಯ ಆಟದ ಮಾತಲ್ಲ. ಫಲಿತಾಂಶ ಬಂದ ಮೇಲೆ ಹಾರ ಹಾಕುವವರು ಬೇಕಾದಷ್ಟು ಮಂದಿ. ಅದಕ್ಕೆ ಮುಂಚೆಯೇ ಬೆನ್ನು ತಟ್ಟಿ, ಸೋತ ದಿನವೂ ಮನೆಗೆ ಕರೆಯುವವರೇ ನಿಜವಾದ ಅಭಿಮಾನಿಗಳು. ನಮ್ಮ ಕಾಲೇಜಿನ ಮೈದಾನದಲ್ಲೂ ಅಂಥವರ ಸಂಖ್ಯೆ ಹೆಚ್ಚಲಿ.