ಸ್ಯಾನ್ ಫ್ರಾನ್ಸಿಸ್ಕೊ ಹದಿನೇಳು ಗಂಟೆ ಅನ್ನೋದು ಯಾರ ಲೆಕ್ಕ?

ಜಡಿಗೇನಹಳ್ಳಿಯ ನಮ್ಮ ದೊಡ್ಡಮ್ಮನ ಮಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೆಲಸದಲ್ಲಿದ್ದಾನೆ. "ಅಲ್ಲಿಗೆ ಎಷ್ಟೊತ್ತು ಆಯ್ತದಪ್ಪ?" ಅಂತ ದೊಡ್ಡಮ್ಮ ಕೇಳಿದಾಗ ಎಂಜಿನಿಯರಿಂಗ್ ಓದಿದ ಹಳೇ ಚಟಕ್ಕೆ ಲೆಕ್ಕ ಹಾಕಿದೆ. ಬೆಂಗಳೂರಿನಿಂದ ಅತಿ ಹತ್ತಿರದ ಹಾದಿ ಹಿಡಿದರೂ ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ಅಂದುಕೊಂಡರೆ ಹದಿನೈದೂವರೆ ಗಂಟೆ.

ವಾಸ್ತವ ಬೇರೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ಬೋಯಿಂಗ್ 777 ಅನ್ನು ಉತ್ತರ ಧ್ರುವದ ದಾರಿಯಲ್ಲಿ ಅಲ್ಲಿಂದ ನೇರ ಬೆಂಗಳೂರಿಗೆ ತಂದಾಗ ಸುಮಾರು ಹದಿನೇಳು ಗಂಟೆ ಹಿಡಿಯಿತು. ಏರೋದು, ಇಳಿಯೋದು, ಗಾಳಿ, ಬಳಸು ದಾರಿ ಎಲ್ಲಾ ಸೇರಿ ಹೆಚ್ಚಾದದ್ದು ಅದು.

ಗಾಳಿಗಿಂತ ದೊಡ್ಡ ತಡೆ ರಾಜಕೀಯದ್ದು. ಯುನೈಟೆಡ್ ಏರ್‌ಲೈನ್ಸ್ ಕೂಡ ಇದೇ ಎರಡು ನಗರಗಳ ನಡುವೆ ನೇರ ವಿಮಾನ ಘೋಷಿಸಿತ್ತು. ಮೊದಲು ಕೋವಿಡ್‌ ಕಾಲದಲ್ಲಿ ಮುಂದಕ್ಕೆ ಹೋಯಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಆಕಾಶ ಅಮೆರಿಕದ ಕಂಪನಿಗಳಿಗೆ ಮುಚ್ಚಿದ ಮೇಲೆ ಆ ಮಾತೇ ನಿಂತಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದಾಗ, ದಿಲ್ಲಿಯಿಂದ ಉತ್ತರ ಅಮೆರಿಕಕ್ಕೆ ಹೊರಟ ಏರ್ ಇಂಡಿಯಾದ ಹಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾ, ಕೋಪನ್‌ಹೇಗನ್‌ನಲ್ಲಿ ಇಳಿದವು. ಊರುಗಳು ಇದ್ದಲ್ಲೇ ಇದ್ದವು, ಪ್ರಯಾಣ ಮಾತ್ರ ಉದ್ದವಾಯಿತು.

ಇದೆಲ್ಲ ಸುದ್ದಿಯಾಗುತ್ತೆ, ಸರಿ. ಸುದ್ದಿಯಾಗದ ಗಂಟೆಗಳು ನೆಲದ ಮೇಲಿವೆ. ಹಿಂದೆ ಎಚ್‌ಎಎಲ್ ನಿಲ್ದಾಣ ಇದ್ದಾಗ ಹೊಸಕೋಟೆ ಕಡೆಯವರು ಹಳೇ ಮದ್ರಾಸ್ ರಸ್ತೆ ಹಿಡಿದರೆ ಸಾಕಿತ್ತು. 2008ರ ಮೇನಲ್ಲಿ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದವು. ಮೊನ್ನೆ ಅಣ್ಣನನ್ನು ಕಳಿಸೋಕೆ ದೊಡ್ಡಮ್ಮನ ಜೊತೆ ಹೋದಾಗ ಎರಡು ಬಸ್ ಬದಲಿಸಿದೆವು, ಮೂರು ಗಂಟೆ ಆಯಿತು. ಅವನ ವಿಮಾನ ಇದ್ದದ್ದು ನಡುರಾತ್ರಿ, ವಾಪಸ್ ಬರೋಕೆ ಬಸ್ಸೇ ಇಲ್ಲ. ಕ್ಯಾಬ್‌ಗೆ ಕೊಟ್ಟ ದುಡ್ಡು ದೊಡ್ಡಮ್ಮ ಇನ್ನೂ ಎಣಿಸ್ತಾ ಇದ್ದಾರೆ.

ಹಾಗಂತ ಎರಡನೇ ವಿಮಾನ ನಿಲ್ದಾಣ ನಮ್ಮ ಪಕ್ಕಕ್ಕೇ ಬರಲಿ ಅಂತ ಇಲ್ಲಿ ಯಾರೂ ಕೇಳಲ್ಲ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಉಳಿಸಿಕೊಳ್ಳೋಕೆ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತದ್ದು, 2025ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟದ್ದು ಎಲ್ಲರಿಗೂ ನೆನಪಿದೆ. ಆ ಜಮೀನು ಕೇಳಿದ್ದು ಏರೋಸ್ಪೇಸ್ ಪಾರ್ಕ್‌ಗೆ.

ಹೊಸ ನಿಲ್ದಾಣದ ಚರ್ಚೆಯಲ್ಲಿ ಎಕರೆ, ರನ್‌ವೇ, ಪ್ರಯಾಣಿಕರ ಸಂಖ್ಯೆ ಎಲ್ಲ ಇದೆ. ಈಗಿರುವ ನಿಲ್ದಾಣಕ್ಕೆ ಹಳ್ಳಿಯಿಂದ ಎಷ್ಟು ಗಂಟೆ, ರಾತ್ರಿ ಹನ್ನೆರಡಕ್ಕೆ ಯಾವ ಬಸ್ಸು ಅನ್ನೋದು ಮಾತ್ರ ಇಲ್ಲ. ಮುಂದಿನ ಸಲ ಓಟು ಕೇಳೋಕೆ ಬಂದವರಿಗೆ ದೊಡ್ಡಮ್ಮ ಕೇಳಬೇಕು ಅಂತಿರೋದು ಆ ಬಸ್ಸನ್ನೇ.