ಪ್ಲಾಟಿನಂಗೂ ಬೆರಕೆ ಬೇಕು

ಬಂಗಾರದ ಅಂಗಡಿಯಲ್ಲಿ ಬೆರಕೆ ಅನ್ನೋದು ಕೆಟ್ಟ ಮಾತು. ಆದರೂ ಅಪ್ಪಟ 24 ಕ್ಯಾರೆಟ್‌ನಲ್ಲಿ ಬಳೆ ಮಾಡಿಸಿದ್ರೆ ನಾಲ್ಕು ದಿನಕ್ಕೆ ಸೊಟ್ಟಗಾಗುತ್ತೆ, ಒಂದಿಷ್ಟು ತಾಮ್ರ ಸೇರಿಸಲೇಬೇಕು ಅನ್ನೋದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಹೈಡ್ರೋಜನ್ ಕಾರಿನೊಳಗಿನ ಪ್ಲಾಟಿನಂಗೂ ಬೆರಕೆ ಬೇಕು. ಆದರೆ ಅಲ್ಲಿ ಬೆರೆಸೋದು ಗಟ್ಟಿ ಮಾಡೋಕಲ್ಲ, ಹಿಡಿತ ಸಡಿಲ ಮಾಡೋಕೆ.

ಬ್ಯಾಟರಿ ಕಾರಿನ ಬಗ್ಗೆ ಬರೆದಾಗಲೆಲ್ಲ ನಿಮ್ಮಲ್ಲಿ ಯಾರಾದರೊಬ್ಬರು ಕೇಳ್ತೀರಿ, ಹೈಡ್ರೋಜನ್ ಕಾರು ಯಾಕೆ ಅಷ್ಟು ದುಬಾರಿ ಅಂತ. ಕಾರಣ ಹಲವಾರಿವೆ. ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಈ ಪ್ಲಾಟಿನಂ.

ಫ್ಯುಯೆಲ್ ಸೆಲ್‌ನ ಕೆಲಸ ಹೇಳೋಕೆ ಸುಲಭ. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಗಾಳಿಯಲ್ಲಿರೋ ಆಮ್ಲಜನಕ, ನಡುವೆ ತೆಳುವಾದ ಪೊರೆ. ಹೈಡ್ರೋಜನ್ ಬಿಟ್ಟುಕೊಟ್ಟ ಎಲೆಕ್ಟ್ರಾನ್ ತಂತಿಯಲ್ಲಿ ಸುತ್ತಿಬಂದು ಮೋಟಾರ್ ತಿರುಗಿಸುತ್ತೆ. ಪ್ರೋಟಾನ್ ಪೊರೆ ದಾಟಿ ಹೋಗಿ ಆಮ್ಲಜನಕವನ್ನ ಸೇರಿ ನೀರಾಗುತ್ತೆ. ವಿಲಿಯಂ ಗ್ರೋವ್ 1839ರಲ್ಲೇ ಇದನ್ನ ಪ್ಲಾಟಿನಂ ಬಳಸಿ ಮಾಡಿ ತೋರಿಸಿದ್ದ.

ಹೈಡ್ರೋಜನ್ ಕಡೆಯ ಕೆಲಸ ಚಕಚಕ ಮುಗಿಯುತ್ತೆ. ತಕರಾರೆಲ್ಲ ಆಮ್ಲಜನಕದ್ದು. ಅದರ ಅಣುವಿನ ಎರಡು ಪರಮಾಣುಗಳು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ, ಅವನ್ನ ಬಿಡಿಸೋಕೆ ಪ್ಲಾಟಿನಂ ಬೇಕು. ಆದರೆ ಪ್ಲಾಟಿನಂ ಒಮ್ಮೆ ಹಿಡಿದದ್ದನ್ನ ಬೇಗ ಬಿಡಲ್ಲ. ದರ್ಶಿನಿಯಲ್ಲಿ ಕಾಫಿ ಮುಗಿದ ಮೇಲೂ ಮೊಬೈಲ್ ನೋಡ್ತಾ ಟೇಬಲ್ ಬಿಡದೆ ನಿಂತಿರ್ತಾರಲ್ಲ, ಹಾಗೆ ಆಮ್ಲಜನಕದ ತುಣುಕುಗಳು ಅಲ್ಲೇ ಕೂತಿರುತ್ತವೆ. ಹಿಂದಿನವರಿಗೆ ಜಾಗ ಇಲ್ಲ. ಹಾಗಂತ ಹಿಡಿತ ತೀರಾ ಸಡಿಲವಾದ್ರೆ ಅಣು ಒಡೆಯೋದೇ ಇಲ್ಲ.

ಇಲ್ಲಿ ಬರುತ್ತೆ ಬೆರಕೆ. ನಿಕ್ಕಲ್, ಕೋಬಾಲ್ಟ್ ಪರಮಾಣುಗಳು ಪ್ಲಾಟಿನಂಗಿಂತ ಚಿಕ್ಕವು. ಅವು ಕೆಳಗಿನ ಪದರದಲ್ಲಿ ಸೇರಿಕೊಂಡ್ರೆ ಮೇಲಿನ ಪ್ಲಾಟಿನಂ ಪರಮಾಣುಗಳು ತುಸು ಒತ್ತೊತ್ತಾಗಿ, ಆಮ್ಲಜನಕದ ಮೇಲಿನ ಹಿಡಿತ ಹದಕ್ಕೆ ಬರುತ್ತೆ. 2007ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟಾಮೆಂಕೋವಿಚ್, ಮಾರ್ಕೋವಿಚ್ ಮತ್ತು ಸಂಗಡಿಗರು ಮೂರು ಪಾಲು ಪ್ಲಾಟಿನಂ, ಒಂದು ಪಾಲು ನಿಕ್ಕಲ್ ಇರೋ ಹರಳಿನ ಒಂದು ಮುಖವನ್ನ ಪರೀಕ್ಷೆ ಮಾಡಿದ್ರು. ಅಷ್ಟೇ ಅಳತೆಯ ಮೇಲ್ಮೈ ಹೋಲಿಸಿದರೆ ಅದು ಶುದ್ಧ ಪ್ಲಾಟಿನಂ ಹರಳಿಗಿಂತ 10 ಪಟ್ಟು, ಆಗ ಬಳಕೆಯಲ್ಲಿದ್ದ ಪ್ಲಾಟಿನಂ-ಇಂಗಾಲದ ಪುಡಿಗಿಂತ 90 ಪಟ್ಟು ಚುರುಕು!

ಹಾಗಿದ್ರೆ ಕಾರು ಅಗ್ಗವಾಗಬೇಕಿತ್ತಲ್ಲ? ಅದು ನುಣ್ಣಗೆ ಹೊಳಪು ಕೊಟ್ಟ ದೊಡ್ಡ ಹರಳು ಕಣ್ರೀ. ಕಾರಿನಲ್ಲಿ ಬಳಸೋದು ಕೆಲವೇ ನ್ಯಾನೋಮೀಟರ್ ಅಗಲದ ಕಣಗಳನ್ನ. ಯಾಕಂದ್ರೆ ಕೆಲಸ ಮಾಡೋದು ಹೊರಮೈಯ ಪರಮಾಣುಗಳು ಮಾತ್ರ. 1 ಗ್ರಾಂ ಪ್ಲಾಟಿನಂ ಅಂದ್ರೆ ಹೆಸರುಕಾಳಿನಷ್ಟು. ಅದನ್ನೇ 3 ನ್ಯಾನೋಮೀಟರ್ ಉಂಡೆಗಳಾಗಿ ಮಾಡಿದ್ರೆ ಒಟ್ಟು ಹೊರಮೈ ಸುಮಾರು 93 ಚದರ ಮೀಟರ್, ಅಂದ್ರೆ 1,000 ಚದರ ಅಡಿ. ಬೆಂಗಳೂರಲ್ಲಿ ಒಂದು ಟೂ ಬಿಎಚ್‌ಕೆ! ಜಗತ್ತಿನ ಪ್ಲಾಟಿನಂನಲ್ಲಿ ಸುಮಾರು 70% ದಕ್ಷಿಣ ಆಫ್ರಿಕಾ ಒಂದರಿಂದಲೇ ಬರುತ್ತೆ, ಅದಕ್ಕೇ ಇಷ್ಟೊಂದು ಜಿಪುಣತನ.

ಈಗ ಅಸಲಿ ಸಂಕಟ. ಸೆಲ್‌ನ ಒಳಗೆ ಇರೋದು ಆಮ್ಲೀಯ ವಾತಾವರಣ. ನಿಕ್ಕಲ್, ಕೋಬಾಲ್ಟ್ ಮೆಲ್ಲಗೆ ಕರಗಿ ಹೊರಬೀಳುತ್ತವೆ. ಬರೀ ಹೊರಬಿದ್ದು ಸುಮ್ಮನಿರಲ್ಲ, ಪೊರೆಯಲ್ಲಿ ಪ್ರೋಟಾನ್ ಓಡಾಡೋ ಜಾಗದಲ್ಲೇ ಠಿಕಾಣಿ ಹೂಡುತ್ತವೆ. ಸಿಗ್ನಲ್‌ನಲ್ಲಿ ನಿಂತು, ಹೊರಟು, ಮತ್ತೆ ನಿಂತು ವೋಲ್ಟೇಜ್ ಏರಿಳಿದಾಗಲೆಲ್ಲ ಪ್ಲಾಟಿನಂ ಕೂಡ ಒಂಚೂರು ಕರಗುತ್ತೆ. ಸಣ್ಣ ಕಣದಿಂದ ಕರಗಿದ್ದು ದೊಡ್ಡ ಕಣದ ಮೇಲೆ ಹೋಗಿ ಕೂರುತ್ತೆ. ನಮ್ಮ ಸಾವಿರ ಚದರ ಅಡಿ ಕುಗ್ಗುತ್ತಾ ಹೋಗುತ್ತೆ.

ಇದಕ್ಕೊಂದು ಉಪಾಯ, ಪರಮಾಣುಗಳನ್ನ ಮನಸ್ಸಿಗೆ ಬಂದಂತೆ ಬೆರೆಸದೆ ಪ್ಲಾಟಿನಂ ಒಂದು ಪದರ, ಕೋಬಾಲ್ಟ್ ಒಂದು ಪದರ ಅಂತ ಶಿಸ್ತಾಗಿ ಜೋಡಿಸೋದು. ಆಗ ಕೋಬಾಲ್ಟ್ ಸುಲಭಕ್ಕೆ ಜಾರಿಕೊಳ್ಳಲ್ಲ. ಆದರೆ ಆ ಶಿಸ್ತು ಬರೋಕೆ ಸಾಮಾನ್ಯವಾಗಿ 600 ಡಿಗ್ರಿ ದಾಟಿ ಕಾಯಿಸಬೇಕು. ಅಷ್ಟು ಕಾಯಿಸಿದ್ರೆ ಕಣಗಳು ಒಂದಕ್ಕೊಂದು ಅಂಟಿ, ಸರಿಯಾಗಿ ತಿರುವದ ಉಪ್ಪಿಟ್ಟಿನ ಹಾಗೆ ಗಂಟುಗಂಟು. ಅಂಟದ ಹಾಗೆ ಕಾಯಿಸೋ ದಾರಿ ಹುಡುಕೋದೇ ಎಷ್ಟೋ ಪ್ರಯೋಗಾಲಯಗಳ ಹಗಲು-ರಾತ್ರಿ ಕೆಲಸ.

ಹಾಗಂತ ಇದೆಲ್ಲ ಪ್ರಯೋಗಾಲಯದಲ್ಲೇ ಉಳಿದಿಲ್ಲ. 2014ರಲ್ಲಿ ಜಪಾನ್‌ನಲ್ಲಿ ಬಂದ ಟೊಯೊಟಾ ಮಿರಾಯ್‌ನಲ್ಲಿ ಪ್ಲಾಟಿನಂ-ಕೋಬಾಲ್ಟ್ ಬೆರಕೆಯೇ ಇತ್ತು. 2022ರ ಮಾರ್ಚ್‌ನಲ್ಲಿ ಮಿರಾಯ್ ಪ್ರಾಯೋಗಿಕವಾಗಿ ಭಾರತಕ್ಕೂ ಬಂತು. ಲಾರಿಗಳ ವಿಷಯ ಇನ್ನೂ ಕಠಿಣ. ಕಾರಿನ ಸೆಲ್ 8,000 ಗಂಟೆ ಬಾಳಿದ್ರೆ ಸಾಕು ಅನ್ನೋ ಅಮೆರಿಕದ ಇಂಧನ ಇಲಾಖೆ, ದೊಡ್ಡ ಲಾರಿಗೆ ಇಟ್ಟಿರೋ 2030ರ ಗುರಿ 25,000 ಗಂಟೆ.

ಹಾಗಾಗಿ ‘ಹೊಸ ವೇಗವರ್ಧಕ, ಇಷ್ಟು ಪಟ್ಟು ಚುರುಕು’ ಅನ್ನೋ ಸುದ್ದಿ ಫೋನಿನಲ್ಲಿ ಬಂದಾಗ ನಾನು ಆ ಪಟ್ಟಿನ ಲೆಕ್ಕ ಬಿಟ್ಟು ಕೆಳಗೆ ಸ್ಕ್ರೋಲ್ ಮಾಡ್ತೀನಿ. ಅದೇ ಇಲಾಖೆಯ ಪರೀಕ್ಷೆಯೊಂದಿದೆ: ವೋಲ್ಟೇಜನ್ನ 30,000 ಸಲ ಏರಿಸಿ ಇಳಿಸಿದ ಮೇಲೂ ಚುರುಕು 40%ಗಿಂತ ಹೆಚ್ಚು ಕಳೆದಿರಬಾರದು. ಆ ಸಾಲು ಸುದ್ದಿಯಲ್ಲಿ ಇದ್ರೆ ಪೂರ್ತಿ ಓದ್ತೀನಿ.