ನೈಟಿಯ ಮೇಲೊಂದು ವೇಲು

ಈ ಶೈಕ್ಷಣಿಕ ವರ್ಷದ ಆರಂಭದಲ್ಲಿ ನಾಗಸಂದ್ರದ ನಮ್ಮ ಬೀದಿಯ ತಾಯಂದಿರ ವಾಟ್ಸಾಪಿಗೆ ಖಾಸಗಿ ಶಾಲೆಯೊಂದು ಸೂಚನೆಗಳ ಪಟ್ಟಿ ಕಳಿಸಿತು. ಫೀಸಿನ ಕಂತು, ಶೂ ಬಣ್ಣ, ಪುಸ್ತಕಕ್ಕೆ ಹಾಕಬೇಕಾದ ಬೈಂಡು ಎಲ್ಲ ಮುಗಿದ ಮೇಲೆ ಕೊನೆಗೊಂದು ಸಾಲು: ಮಕ್ಕಳನ್ನು ಬಿಡಲು ಬರುವ ತಾಯಂದಿರು ನೈಟಿ ಹಾಕಿಕೊಂಡು ಬರಬಾರದು, ಸಭ್ಯ ಉಡುಪಿನಲ್ಲಿ ಬರಬೇಕು. ತಂದೆಯರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಬರ್ಮುಡಾ ಚಡ್ಡಿ, ತೋಳಿಲ್ಲದ ಬನಿಯನ್ನಿನಲ್ಲಿ ಸ್ಕೂಟರ್ ಮೇಲೆ ಬಂದು ಮಗುವನ್ನು ಗೇಟಿನಲ್ಲಿ ಇಳಿಸಿ ಹೋಗುವ ಗಂಡಸು ಸಭ್ಯನೋ ಅಸಭ್ಯನೋ ಎಂಬ ಪ್ರಶ್ನೆ ಯಾರಿಗೂ ಹುಟ್ಟಿರಲಿಲ್ಲ. ಕತ್ತಿನಿಂದ ಹಿಮ್ಮಡಿಯವರೆಗೆ ಮುಚ್ಚುವ ಬಟ್ಟೆಯೊಂದು ಮಾತ್ರ ಅಸಭ್ಯವಾಗಿತ್ತು.

ಇದನ್ನು ಸಣ್ಣ ವಿಷಯ ಎನ್ನುವವರಿದ್ದಾರೆ. ಸಣ್ಣದಾಗಿದ್ದರೆ ಊರೂರುಗಳಲ್ಲಿ ಇದಕ್ಕೆ ದಂಡ ಗೊತ್ತುಮಾಡುತ್ತಿರಲಿಲ್ಲ. 2014ರಲ್ಲಿ ನವಿ ಮುಂಬೈನ ಗೋಠಿವಲಿ ಎಂಬಲ್ಲಿ ಹಗಲು ಹೊತ್ತು ನೈಟಿ ಹಾಕಿ ಹೊರಗೆ ಕಾಣಿಸಿಕೊಂಡವರಿಗೆ 500 ರೂಪಾಯಿ ದಂಡ ಎಂದು ಅಲ್ಲಿನ ಮಹಿಳಾ ಮಂಡಳಿಯೇ ಫಲಕ ಹಾಕಿತು. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ ಹಿರಿಯರು ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ನೈಟಿ ನಿಷೇಧಿಸಿದರು. ತಪ್ಪಿದರೆ 2,000 ರೂಪಾಯಿ ದಂಡ, ತಪ್ಪಿದವಳನ್ನು ಹಿಡಿದುಕೊಟ್ಟವರಿಗೆ 1,000 ರೂಪಾಯಿ ಬಹುಮಾನ.

ಇದೆಲ್ಲ ನಮ್ಮ ಸಂಸ್ಕೃತಿಯ ಕಾಳಜಿ ಎಂದುಕೊಳ್ಳುವವರು ಸ್ವಲ್ಪ ಆಚೆಗೂ ನೋಡಬೇಕು. 2016ರಲ್ಲಿ ಇಂಗ್ಲೆಂಡಿನ ಡಾರ್ಲಿಂಗ್ಟನ್‌ನ ಒಂದು ಶಾಲೆಯ ಮುಖ್ಯಸ್ಥೆ, ಮಕ್ಕಳನ್ನು ಬಿಡಲು ಪೈಜಾಮಾದಲ್ಲಿ ಬರಬೇಡಿ ಎಂದು ಪೋಷಕರಿಗೆ ಪತ್ರ ಬರೆದರು. 2019ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಒಂದು ಪ್ರೌಢಶಾಲೆ ಪೈಜಾಮಾ, ಲೆಗ್ಗಿಂಗ್ಸ್ ಮಾತ್ರವಲ್ಲದೆ ಕಪ್ಪು ಹೆಂಗಸರು ಕೂದಲು ಕಾಪಾಡಿಕೊಳ್ಳಲು ತಲೆಗೆ ಹಾಕುವ ಸ್ಯಾಟಿನ್ ಟೋಪಿಯನ್ನೂ ಪೋಷಕರಿಗೆ ನಿಷೇಧಿಸಿತು. ಅಲ್ಲಿ ಸೀರೆಯೂ ಇಲ್ಲ, ಭಾರತೀಯ ಸಂಸ್ಕೃತಿಯೂ ಇಲ್ಲ. ಇದ್ದದ್ದು ಬೆಳಿಗ್ಗೆ ಬಟ್ಟೆ ಬದಲಿಸಲು ಪುರುಸೊತ್ತಿಲ್ಲದ ತಾಯಂದಿರು ಮತ್ತು ಅವರು ತಮ್ಮ ಗೇಟಿನ ಅಂದ ಕೆಡಿಸುತ್ತಾರೆ ಎಂದುಕೊಂಡ ಶಾಲೆಗಳು. ಸಂಸ್ಕೃತಿ ಎಂಬುದು ನಾವು ಕೊಡುವ ಕಾರಣ. ಅಸಹನೆ ಇರುವುದು ಬಡತನದ ಮೇಲೆ ಮತ್ತು ಪುರುಸೊತ್ತಿಲ್ಲದಿರುವಿಕೆಯ ಮೇಲೆ.

ತಾಯಂದಿರ ಬಟ್ಟೆ ಹೇಗೆ ನಿರ್ಧಾರವಾಗುತ್ತದೆ ಎಂದು ನೋಡಲು ನಾಗಸಂದ್ರ ಒಳ್ಳೆಯ ಜಾಗ. 2015ರ ಮೇನಲ್ಲಿ ಇಲ್ಲಿಗೆ ಬಂದ ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರಿನಲ್ಲಿ ಮಾದಾವರಕ್ಕೆ ಮುಂದುವರಿಯುವವರೆಗೂ ಇದೇ ಕೊನೆಯ ನಿಲ್ದಾಣವಾಗಿತ್ತು. ಒಂದು ಕಡೆ ಪೀಣ್ಯ, ಇನ್ನೊಂದು ಕಡೆ ಹೊಸ ಅಪಾರ್ಟ್‌ಮೆಂಟುಗಳು, ನಿಲ್ದಾಣದ ಪಕ್ಕದಲ್ಲೇ 2022ರಲ್ಲಿ ತೆರೆದ ಐಕಿಯ ಮಳಿಗೆ. ಬೆಳಿಗ್ಗೆ ಏಳರ ಹೊತ್ತಿಗೆ ಹಾಲಿನ ಬೂತು, ಸೊಪ್ಪಿನ ಗಾಡಿ, ಶಾಲೆಯ ವ್ಯಾನಿನ ಹತ್ತಿರ ಇರುವವರೆಲ್ಲ ನೈಟಿಯವರೇ. ಎಂಟೂವರೆಗೆ ಅವರಲ್ಲೇ ಅನೇಕರು ಚೂಡಿದಾರ್ ಟಾಪು, ಲೆಗ್ಗಿಂಗ್ಸ್ ಹಾಕಿ, ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಗಾರ್ಮೆಂಟ್ಸ್ ಕಡೆಗೆ ಓಡುತ್ತಾರೆ. ವಯಸ್ಸಾದವರು ಪಾಲಿಯೆಸ್ಟರ್ ಸೀರೆ ಉಟ್ಟು ಸೆರಗಿಗೆ ಪಿನ್ನು ಹಾಕಿರುತ್ತಾರೆ. ಕಟ್ಟಡದ ಕೆಲಸಕ್ಕೆ ಹೋಗುವವರು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟಿರುತ್ತಾರೆ.

ಯಶವಂತಪುರ ದಾಟಿ ಆರ್.ಟಿ. ನಗರಕ್ಕೆ ಹೋದರೆ ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ಬುರ್ಖಾಗಳು ಹೆಚ್ಚು. ಅಲ್ಲಿನ ನನ್ನ ಗೆಳತಿಯೊಬ್ಬಳು ನಗುತ್ತಾ ಹೇಳುತ್ತಾಳೆ: "ಬುರ್ಖಾ ಇರೋದ್ರಿಂದ ಬೆಳಗ್ಗೆ ನೈಟಿ ಬಿಚ್ಚೋ ಕೆಲಸ ಉಳೀತು ನೋಡು." ಹೆಬ್ಬಾಳ, ಯಲಹಂಕದ ಅಪಾರ್ಟ್‌ಮೆಂಟುಗಳಿಗೆ ಹೋದರೆ ತಾಯಂದಿರು ಟ್ರ್ಯಾಕ್ ಪ್ಯಾಂಟು, ಟಿ-ಶರ್ಟು, ಯೋಗ ಪ್ಯಾಂಟಿನಲ್ಲಿ ಶಾಲೆಯ ಬಸ್ಸಿಗೆ ಕಾಯುತ್ತಿರುತ್ತಾರೆ. ಇದೂ ಮನೆಯ ಬಟ್ಟೆಯೇ. ಬಹಳ ಸಲ ರಾತ್ರಿ ಹಾಕಿಕೊಂಡು ಮಲಗಿದ್ದೇ. ಮೈಗೆ ಹಿತವಾಗಿರಬೇಕು, ಒಗೆಯಲು ಸುಲಭವಾಗಿರಬೇಕು, ಇಸ್ತ್ರಿ ಬೇಡಬಾರದು ಎಂಬ ಲೆಕ್ಕಾಚಾರ ಇಬ್ಬರದೂ ಒಂದೇ. ಆದರೆ ಯೋಗ ಪ್ಯಾಂಟಿನವರಿಗೆ ಯಾವ ಶಾಲೆಯೂ ಸಭ್ಯತೆಯ ಸಂದೇಶ ಕಳಿಸಿದ್ದನ್ನು ನಾನು ಕೇಳಿಲ್ಲ. ಎರಡೂವರೆ ಸಾವಿರದ ಪ್ಯಾಂಟಿಗೆ ಸಿಕ್ಕ ಪರವಾನಗಿ ಇನ್ನೂರೈವತ್ತರ ನೈಟಿಗೆ ಸಿಗುವುದಿಲ್ಲ.

ಈ ಇನ್ನೂರೈವತ್ತರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಸೀರೆ ಎಂದರೆ ಐದೂವರೆ ಮೀಟರ್ ಬಟ್ಟೆ. ಅದಕ್ಕೆ ಫಾಲ್, ಲಂಗ, ಬ್ಲೌಸು. ಲೈನಿಂಗ್ ಬ್ಲೌಸ್ ಹೊಲಿಸುವ ಕೂಲಿಯೇ ದಾಸರಹಳ್ಳಿಯ ಬೀದಿಬದಿಯಲ್ಲಿ ಸಿಗುವ ಒಂದು ನೈಟಿಗಿಂತ ಹೆಚ್ಚು. ಸೀರೆ ಒಗೆಯಲು ಎರಡು ಬಕೆಟ್ ನೀರು ಬೇಕು, ಒಣಹಾಕಲು ಉದ್ದದ ಹಗ್ಗ ಬೇಕು. ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಗಳು ಸಾಲಾಗಿರುವ ವಠಾರದ ಟೆರೇಸಿನಲ್ಲಿ ಹಗ್ಗದ ಪಾಲಿಗೇ ಜಗಳಗಳಾಗುತ್ತವೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಎಂದಿತು. ಆ ತಿಂಗಳುಗಳಲ್ಲಿ ದಿನಕ್ಕೊಂದು ಸೀರೆ ಒಗೆಯುವುದು ಯಾರಿಗೆ ಸಾಧ್ಯವಿತ್ತು? ನೈಟಿ ಬೆಳಿಗ್ಗೆ ಹಿಂಡಿಹಾಕಿದರೆ ಮಧ್ಯಾಹ್ನಕ್ಕೆ ಒಣಗುತ್ತದೆ. ಹಾಲೂಡಿಸುವವರಿಗೆ ಜಿಪ್ಪು ಇರುವುದು ಸಿಗುತ್ತದೆ, ಜೇಬಿರುವುದೂ ಸಿಗುತ್ತದೆ. ಗರ್ಭಿಣಿಗೂ ಆಗುತ್ತದೆ, ಬಾಣಂತಿಗೂ ಆಗುತ್ತದೆ. ಬಡ ತಾಯಿಯ ದಿನವನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಬೇರೆ ಉಡುಪು ನಮ್ಮಲ್ಲಿಲ್ಲ.

ಈ ತಾಯಂದಿರು ಯಾರು ಎನ್ನುವುದನ್ನೂ ಹೇಳಬೇಕು. ಪೀಣ್ಯದ ಗಾರ್ಮೆಂಟ್ಸುಗಳಲ್ಲಿ ಲೋಕದ ದೊಡ್ಡ ಬ್ರ್ಯಾಂಡುಗಳ ಶರಟು, ಜಾಕೆಟು, ಪ್ಯಾಂಟು ಹೊಲಿಯುವವರು ಇವರೇ. ಇವರು ಕಾಲರ್ ಕೂರಿಸಿದ, ಕಾಜಾ ಹೊಲಿದ ಬಟ್ಟೆಗಳು ಹಡಗು ಹತ್ತಿ ಹೋಗುತ್ತವೆ. 2016ರ ಏಪ್ರಿಲಿನಲ್ಲಿ, ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ ಹೊಸೂರು ರಸ್ತೆಯಲ್ಲೂ ಇಲ್ಲಿ ತುಮಕೂರು ರಸ್ತೆಯಲ್ಲೂ ಬೀದಿಗಿಳಿದವರು ಇವರೇ. ಎರಡೇ ದಿನಕ್ಕೆ ಸರ್ಕಾರ ಆ ನಿಯಮ ವಾಪಸು ತೆಗೆದುಕೊಂಡಿತು. 2020ರ ಏಪ್ರಿಲಿನಿಂದ ಸಿಗಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. ಅಷ್ಟನ್ನು ಕೊಡದೆ ರಾಜ್ಯದ ಅನೇಕ ಕಾರ್ಖಾನೆಗಳು ವರ್ಷಕ್ಕೂ ಹೆಚ್ಚು ಕಾಲ ತಡೆಹಿಡಿದವು. ಆ ಮೊತ್ತ ಎರಡು ನೈಟಿಯ ಬೆಲೆಗೂ ಸಾಲದು. ಇಷ್ಟಕ್ಕೂ ಹೋರಾಡಬೇಕಾದ ಹೆಂಗಸಿಗೆ ಬೆಳಿಗ್ಗೆ ಏಳೂವರೆಗೆ ಗೇಟಿನ ಬಳಿ ನಿರಿಗೆ ಹಿಡಿದ ಸೀರೆಯಲ್ಲಿ ಬಾ ಎನ್ನುವುದು ಎಷ್ಟು ಸಭ್ಯ?

ಗೇಟಿನಲ್ಲಿ ಹೆಣ್ಣಿನ ಬಟ್ಟೆ ಪರೀಕ್ಷಿಸುವುದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2022ರ ಫೆಬ್ರವರಿಯಲ್ಲಿ ಹುಡುಗಿಯರು, ಕೆಲವು ಕಡೆ ಶಿಕ್ಷಕಿಯರೂ, ಶಾಲಾ ಕಾಲೇಜುಗಳ ಗೇಟಿನಲ್ಲಿ ಎಲ್ಲರೆದುರು ಹಿಜಾಬ್, ಬುರ್ಖಾ ತೆಗೆದು ಒಳಗೆ ಹೋಗಬೇಕಾಯಿತು. ಅಲ್ಲಿ ಹೆಚ್ಚು ಮುಚ್ಚಿಕೊಂಡದ್ದು ತಪ್ಪು, ಇಲ್ಲಿ ಸರಿಯಾಗಿ ಮುಚ್ಚಿಕೊಳ್ಳದ್ದು ತಪ್ಪು. ಎರಡೂ ಒಂದೇ ತೂಕದ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಓದು ಮತ್ತು ನಂಬಿಕೆ ಪಣಕ್ಕಿದ್ದವು. ಆದರೆ ಹೆಣ್ಣಿನ ಬಟ್ಟೆಯ ಅಳತೆಪಟ್ಟಿ ಯಾವಾಗಲೂ ಗೇಟು ಕಾಯುವವರ ಕೈಯಲ್ಲೇ ಇರಬೇಕು ಎಂಬ ಧೋರಣೆ ಒಂದೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಪೆಸಿಫಿಕ್ ದ್ವೀಪಗಳಿಗೆ ಹೋದಾಗ ಅಲ್ಲಿನ ಹೆಂಗಸರ ಮೈ ಮುಚ್ಚಿಸಲು ಒಂದು ಉಡುಪು ಕೊಟ್ಟರು. ಕತ್ತಿನಿಂದ ಪಾದದವರೆಗೆ ಇಳಿಬಿದ್ದ, ಸೊಂಟದ ಆಕಾರವೇ ಕಾಣದ ಸಡಿಲ ನಿಲುವಂಗಿ. ಅದರ ಹೆಸರು ಮದರ್ ಹಬ್ಬರ್ಡ್. ಹವಾಯಿಯ ಮುಮು ಅದರ ಸಂತತಿಯೇ. ನೋಡಿದರೆ ನಮ್ಮ ನೈಟಿಯೇ. ಅಲ್ಲಿ ಹೆಣ್ಣನ್ನು ಸಭ್ಯಳನ್ನಾಗಿ ಮಾಡಲು ತೊಡಿಸಿದ ಆಕಾರವನ್ನೇ ಇಲ್ಲಿ ಅಸಭ್ಯ ಎನ್ನುತ್ತೇವೆ. ಹಾಗಾದರೆ ಅಸಭ್ಯತೆ ಬಟ್ಟೆಯಲ್ಲಿ ಎಲ್ಲಿದೆ? ನೈಟಿ ಹಾಕಿದವಳು ತನ್ನನ್ನು ನೋಡುವವರಿಗಾಗಿ ಸಿದ್ಧಳಾಗಿಲ್ಲ, ಅಷ್ಟೇ. ನಮ್ಮನ್ನು ಕೆರಳಿಸುವುದು ಅದೇ.

ಅದಕ್ಕೇ ವೇಲು ಬಂದದ್ದು. ನಮ್ಮ ಬೀದಿಯಲ್ಲಿ ಹಾಲು ತರಲು ಹೋಗುವವರೂ ನೈಟಿಯ ಮೇಲೆ ಒಂದು ವೇಲನ್ನೋ ಟವೆಲನ್ನೋ ಎದೆಗೆ ಅಡ್ಡಲಾಗಿ ಹಾಕಿಕೊಳ್ಳುತ್ತಾರೆ. ನೈಟಿಯ ಬಣ್ಣಕ್ಕೂ ವೇಲಿನ ಬಣ್ಣಕ್ಕೂ ಸಂಬಂಧ ಇರುವುದಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಸಿಕ್ಕಿದ್ದನ್ನು ಎಳೆದುಕೊಂಡು ಹೊರಟಿರುತ್ತಾರೆ. ಇದೇನೂ ಸೆಖೆಗೆ, ಚಳಿಗೆ ಆಗುವಂಥದ್ದಲ್ಲ. ಕೆಳಗಿನ ಮನೆಯ ಅಕ್ಕನನ್ನು ಕೇಳಿದೆ. "ಇರ್ಲಿ ಅಂತ ಕಣಮ್ಮ. ಅದೊಂದಿದ್ರೆ ಯಾರೂ ಏನೂ ಅನ್ನಲ್ಲ" ಎಂದರು. ಸೀರೆಯ ಭಾರ ಇಳಿಸಿಕೊಂಡದ್ದಕ್ಕೆ ಕಟ್ಟಬೇಕಾದ ತೆರಿಗೆ ಈ ವೇಲು. ಸೀರೆ ಬಿಟ್ಟರೂ ಸೆರಗು ಬಿಡುವಂತಿಲ್ಲ.

ಸೆರಗಿನ ಮಾತು ಬಂದ ಮೇಲೆ ನಮ್ಮ ಮಾತೂ ಬರಬೇಕು. ನಮ್ಮ ಎಂದರೆ ಸಾಹಿತ್ಯ ಓದುವವರ, ಬರೆಯುವವರ ಮಾತು. ಕನ್ನಡದಲ್ಲಿ ಅಮ್ಮನ ಬಗ್ಗೆ ಬರೆಯಲು ಕೂತರೆ ಕೈಗೆ ಮೊದಲು ಸಿಗುವುದು ಸೆರಗೇ. ಅಮ್ಮ ಕಣ್ಣೊರೆಸಿಕೊಳ್ಳುವುದು ಸೆರಗಿನಲ್ಲಿ, ಚಿಲ್ಲರೆ ಗಂಟು ಹಾಕುವುದು ಸೆರಗಿನ ತುದಿಗೆ, ಮಗು ಬಚ್ಚಿಟ್ಟುಕೊಳ್ಳುವುದು ಸೆರಗಿನ ಹಿಂದೆ. ತಾಯಂದಿರ ದಿನ ಬಂದರೆ ಫೇಸ್‌ಬುಕ್ ತುಂಬ ಸೆರಗಿನ ಕವಿತೆಗಳು. ವಿಚಾರಸಂಕಿರಣಗಳಲ್ಲಿ ದೇಸಿ ಉಡುಗೆಯ ಬಗ್ಗೆ ಪ್ರಬಂಧಗಳು. 2021ರಲ್ಲಿ ಹಾಲಕ್ಕಿ ಸಮುದಾಯದ ತುಳಸಿ ಗೌಡ ತಮ್ಮ ಎಂದಿನ ಉಡುಗೆಯಲ್ಲಿ ಬರಿಗಾಲಲ್ಲಿ ನಡೆದು ಬಂದು ಪದ್ಮಶ್ರೀ ಸ್ವೀಕರಿಸಿದಾಗ ಆ ಫೋಟೊವನ್ನು ಹಂಚಿಕೊಂಡು ಕಣ್ತುಂಬಿಕೊಂಡವರು ನಾವೇ. ರವಿಕೆಯಿಲ್ಲದ ಆ ಉಡುಗೆ ನಮಗೆ ಗೌರವದ್ದಾಗಿ ಕಂಡಿತು. ಸರಿಯೇ. ಆದರೆ ಪಕ್ಕದ ಮನೆಯವಳು ನೈಟಿಯಲ್ಲಿ ಬೇಕರಿಗೆ ಬಂದರೆ ಮುಖ ಸಿಂಡರಿಸುವವರೂ ನಾವೇ. ದೂರದವಳ ಬಟ್ಟೆ ಪರಂಪರೆ, ಹತ್ತಿರದವಳ ಬಟ್ಟೆ ಸೋಮಾರಿತನ. ನಮ್ಮ ಸೀರಿಯಲ್ಲುಗಳಲ್ಲಿ ಅತ್ತೆಯರು ರೇಷ್ಮೆ ಸೀರೆಯಲ್ಲೇ ಮಲಗಿ ಏಳುತ್ತಾರೆ. ನೈಟಿಯ ಹೆಂಗಸು ಬಂದರೆ ಅದು ನಗಿಸುವುದಕ್ಕೆ. ಶಾಲೆಯ ಆ ಸಾಲನ್ನು ಬರೆದವರು ಯಾರೇ ಇರಲಿ, ಅವರಿಗೆ ಸಭ್ಯ ತಾಯಿಯ ಚಿತ್ರ ಕೊಟ್ಟದ್ದರಲ್ಲಿ ನಮ್ಮ ಬರವಣಿಗೆಯ ಪಾಲೂ ಇದೆ.

ಹಾಗೆಂದು ನೈಟಿಯನ್ನು ಬಿಡುಗಡೆಯ ಬಾವುಟ ಮಾಡಿ ಮೆರೆಸುವುದೂ ನನ್ನ ಉದ್ದೇಶವಲ್ಲ. ಈಚೆಗೆ ಅಂಥ ಬರಹಗಳೂ ಬರುತ್ತಿವೆ. ರಾತ್ರಿಯ ಉಡುಪು ಹಗಲಿನ ಉಡುಪಾಗಿರುವುದರ ಹಿಂದೆ ಒಂದು ದುಃಖವಿದೆ. ಐದಕ್ಕೆ ಎದ್ದು ಅಡುಗೆ ಮಾಡಿ, ಕಾರ್ಖಾನೆಗೆ ಹೋಗಿ, ಸಂಜೆ ಬಂದು ಮತ್ತೆ ಅದೇ ನೈಟಿ ತೊಟ್ಟು ಒಲೆಯ ಮುಂದೆ ನಿಲ್ಲುವವಳಿಗೆ ಮಲಗುವ ಹೊತ್ತು ಯಾವುದು, ದುಡಿಯುವ ಹೊತ್ತು ಯಾವುದು ಎಂಬ ಗೆರೆಯೇ ಅಳಿಸಿಹೋಗಿದೆ. ಆ ಅಕ್ಕನಿಗೂ ಸೀರೆ ಇಷ್ಟ. ಬೀರುವಿನಲ್ಲಿ ಮಡಿಸಿಟ್ಟಿರುವ ಮೈಸೂರು ಸಿಲ್ಕನ್ನು ವರ್ಷಕ್ಕೆರಡು ಸಲ ಬಿಸಿಲಿಗೆ ಹಾಕುವಾಗ ಅವರ ಮುಖ ನೋಡಬೇಕು. ಉಡಲು ಸಮಯ, ಹೋಗಲು ಜಾಗ ಎರಡೂ ಅವರಿಗೆ ಸಿಗಬೇಕು. ಸೀರೆಯನ್ನು ಉಳಿಸಬೇಕೆನ್ನುವವರು ಅಲ್ಲಿಂದ ಶುರುಮಾಡಲಿ. ಓಟಿ ಕಡಿಮೆಯಾಗಲಿ, ಕೂಲಿ ಹೆಚ್ಚಾಗಲಿ, ನಲ್ಲಿಯಲ್ಲಿ ನೀರು ಬರಲಿ, ಟಿಫನ್ ಬಾಕ್ಸನ್ನು ಗಂಡನೂ ಕಟ್ಟಲಿ. ಅದಾದ ಮೇಲೂ ಅವರು ನೈಟಿಯನ್ನೇ ಆರಿಸಿಕೊಂಡರೆ ಅದು ಅವರ ಇಷ್ಟ.

ಶಾಲೆಗಳಿಗೆ ಗೇಟಿನ ಬಗ್ಗೆ ಅಷ್ಟು ಕಾಳಜಿಯಿದ್ದರೆ ಮಾಡಲು ಬೇಕಾದಷ್ಟು ಕೆಲಸವಿದೆ. ಮಳೆ ಬಂದರೆ ಕಾಯುವವರಿಗೆ ನಿಲ್ಲಲು ಒಂದು ಸೂರು, ಶಿಫ್ಟಿಗೆ ಹೋಗುವ ತಾಯಂದಿರು ಮಕ್ಕಳನ್ನು ಹದಿನೈದು ನಿಮಿಷ ಮೊದಲೇ ಬಿಟ್ಟುಹೋಗುವ ಅವಕಾಶ, ಪೋಷಕರ ಸಭೆಯನ್ನು ಭಾನುವಾರ ಇಡುವುದು. ಇವುಗಳಲ್ಲಿ ಒಂದನ್ನೂ ಮಾಡದೆ ಉಡುಪಿನ ನಿಯಮ ಮಾಡುವುದು ಸುಲಭ, ಏಕೆಂದರೆ ಅದರ ಖರ್ಚೆಲ್ಲ ತಾಯಂದಿರದೇ.

ಆ ಸಂದೇಶ ಬಂದ ಮೇಲೆ ನಮ್ಮ ಬೀದಿಯಲ್ಲಿ ಯಾರೂ ಜಗಳ ಮಾಡಲಿಲ್ಲ. ಕೆಲವರು ಹತ್ತು ನಿಮಿಷ ಮೊದಲು ಏಳತೊಡಗಿದರು. ಕೆಲವರು ಮಗುವನ್ನು ಬೀದಿಯ ತಿರುವಿನಲ್ಲೇ ಬಿಟ್ಟು, ಗೇಟಿನವರೆಗೆ ಒಬ್ಬಳೇ ನಡೆದುಹೋಗುವುದನ್ನು ದೂರದಿಂದ ನೋಡಿ ಹಿಂತಿರುಗುತ್ತಾರೆ. ನೈಟಿಯವರು ಶಾಲೆಯವರನ್ನು ಪ್ರಶ್ನಿಸಲಾರರು. ಪ್ರಶ್ನಿಸಿದರೆ ಮಗುವಿಗೆ ತೊಂದರೆಯಾದೀತೆಂಬ ಭಯ ಅವರಿಗಿದೆ. ಆದ್ದರಿಂದ ಇದನ್ನು ಸೀರೆಯವರು, ಚೂಡಿದಾರದವರು, ಯೋಗ ಪ್ಯಾಂಟಿನವರು ಕೇಳಬೇಕು. ಬರ್ಮುಡಾದ ಅಪ್ಪಂದಿರೂ ಕೇಳಬೇಕು. ಮುಂದಿನ ಪೋಷಕರ ಸಭೆಯಲ್ಲಿ ಎದ್ದು ನಿಂತು ಆ ಒಂದು ಸಾಲನ್ನು ಪಟ್ಟಿಯಿಂದ ತೆಗೆಯಿರಿ ಎನ್ನಲು ಎರಡು ನಿಮಿಷ ಸಾಕು.